ಸಂಕ್ರಾಂತಿಗೆ ಅವರೆ ಬಿತ್ತಬಹುದೇ? ಮಿನೆಸೋಟದ ಚಳಿ, ಊರಿಂದ ಬಂದ ಹಿರಿಯರು ಮತ್ತು ಮೇ ತಿಂಗಳ ಕೈತೋಟ

ಓದುಗರ ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್ ಹೊರವಲಯದಲ್ಲಿದ್ದೇವೆ. ತಿಪಟೂರಿನ ಹತ್ತಿರದ ಹಳ್ಳಿಯಿಂದ ಅತ್ತೆ, ಮಾವ ಅಕ್ಟೋಬರ್ ಕೊನೆಯಲ್ಲಿ ಬಂದಿದ್ದಾರೆ. ಏಪ್ರಿಲ್ 24ಕ್ಕೆ ಹಿಂದಿರುಗುತ್ತಾರೆ. ಊರಿನಲ್ಲಿ ದಿನವಿಡೀ ಹಿತ್ತಲಿನಲ್ಲಿರುತ್ತಿದ್ದ ಅತ್ತೆ ಈಗ ಮೂರು ತಿಂಗಳಿಂದ ಮನೆಯೊಳಗೇ ಇದ್ದಾರೆ, ಮಾತು ಕಡಿಮೆಯಾಗಿದೆ. ಕಿಟಕಿಯ ಬಳಿ ತಟ್ಟೆಗಳಲ್ಲಿ ಮೆಂತ್ಯ, ಕೊತ್ತಂಬರಿ ಹಾಕಿದರು. ಸಸಿಗಳು ದಾರದಂತೆ ಉದ್ದವಾಗಿ ಬೆಳೆದು ಬುಡದಲ್ಲೇ ಮಗುಚಿಕೊಂಡವು. ಕುಂಡದ ಕರಿಬೇವು ಎಲೆ ಉದುರಿಸುತ್ತಿದೆ. ಅದಕ್ಕೆ ಹುಳಿಮಜ್ಜಿಗೆ ಹಾಕುತ್ತಿದ್ದಾರೆ. ಸಂಕ್ರಾಂತಿ ಕಳೆಯಿತು, ಬಿಸಿಲು ತಿರುಗಿತು, ಇನ್ನು ಅವರೆ, ಟೊಮೇಟೊ, ಮೆಣಸಿನಕಾಯಿ ಎಲ್ಲವನ್ನೂ ಸಸಿ ಮಾಡೋಣ ಎನ್ನುತ್ತಾರೆ. ನಮ್ಮ ಯಜಮಾನರು ಮೇ ತನಕ ಏನೂ ಬೇಡ ಎನ್ನುತ್ತಾರೆ. ಆದರೆ ಮೇ ತಿಂಗಳಲ್ಲಿ ಅತ್ತೆ ಇಲ್ಲಿ ಇರುವುದೇ ಇಲ್ಲ. ಮಾರ್ಚ್‌ನಲ್ಲಿ ಮೈದುನ ಬರುತ್ತಿದ್ದಾನೆ, ಅವನ ಕೈಯಲ್ಲಿ ಊರಿನ ಅವರೆ ಬೀಜ, ಒಂದು ಕರಿಬೇವಿನ ಸಸಿ ತರಿಸಿಕೊಳ್ಳಬಹುದೇ? ಈ ಚಳಿಗಾಲದಲ್ಲಿ ನಾವು ಮಾಡಬಹುದಾದದ್ದು ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಗಿಡದ ಚಿಂತೆಗಿಂತ ಅತ್ತೆಯವರ ಚಿಂತೆಯೇ ದೊಡ್ಡದಾಗಿ ಕಾಣುತ್ತದೆ, ಅದು ಸರಿಯೂ ಹೌದು. ನಾನು ಇಪ್ಪತ್ತು ವರ್ಷಗಳಿಂದ ಇಲ್ಲಿನ ಹಸಿರುಮನೆಗಳಲ್ಲಿ ಸಸಿ ಬೆಳೆಸುವ ಕೆಲಸದಲ್ಲಿರುವವನು, ವೈದ್ಯನಲ್ಲ. ಆದರೂ ಪ್ರತಿ ಜನವರಿಯಲ್ಲಿ ನಮ್ಮವರ ಮನೆಗಳಿಂದ ಇಂಥದೇ ಪ್ರಶ್ನೆ ಬರುವುದರಿಂದ ಎರಡನ್ನೂ ಬೇರೆ ಬೇರೆ ಮಾಡದೆ ಉತ್ತರಿಸುತ್ತೇನೆ. ನಿಮ್ಮ ಮನೆಯ ವಾದದಲ್ಲಿ ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಈಗಲೇ ಎಲ್ಲವನ್ನೂ ಬಿತ್ತಿದರೆ ಹಾಳಾಗುತ್ತದೆ ಎಂಬುದು ನಿಜ. ಮೇ ತನಕ ಕೈಕಟ್ಟಿ ಕೂರಬೇಕು ಎಂಬುದು ನಿಜವಲ್ಲ.

ಮೊದಲು ತಿಳಿಯಬೇಕಾದದ್ದು, ಮನೆಯೊಳಗಿನ ಗಿಡಕ್ಕೆ ಇಲ್ಲಿ ಕೊರತೆಯಾಗಿರುವುದು ಶಾಖವಲ್ಲ, ಬೆಳಕು. ತಿಪಟೂರಿನ ಕಡೆ ವರ್ಷದ ಅತಿ ಚಿಕ್ಕ ಹಗಲು ಕೂಡ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ; ಮಿನಿಯಾಪೊಲಿಸ್‌ನಲ್ಲಿ ಅದು 8 ಗಂಟೆ 46 ನಿಮಿಷಕ್ಕೆ ಇಳಿಯುತ್ತದೆ. ಅಲ್ಲಿ ಡಿಸೆಂಬರ್‌ನ ನಡುಹಗಲಿನ ಸೂರ್ಯ ದಿಗಂತದಿಂದ 50 ಡಿಗ್ರಿಗಿಂತ ಮೇಲೆ ಇದ್ದರೆ, ಇಲ್ಲಿ 22 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಸಂಕ್ರಾಂತಿಗೆ ಬಿಸಿಲು ತಿರುಗುತ್ತದೆ ಎಂಬ ಅತ್ತೆಯವರ ಮಾತು ಸುಳ್ಳಲ್ಲ. ಆಕಾಶದ ಲೆಕ್ಕದಲ್ಲಿ ಸೂರ್ಯ ಡಿಸೆಂಬರ್ 21ರ ಸುಮಾರಿಗೇ ತಿರುಗಿರುತ್ತಾನೆ. ಆದರೆ ತಿರುಗಿದ ಮೂರು ವಾರದ ಮೇಲೂ ಇಲ್ಲಿ ಹಗಲು ಬೆಳೆದಿರುವುದು ಇಪ್ಪತ್ತು ನಿಮಿಷದಷ್ಟು ಮಾತ್ರ, ಹತ್ತು ಗಂಟೆಯ ಹಗಲು ಬರಬೇಕಾದರೆ ಫೆಬ್ರವರಿಯ ಮೊದಲ ವಾರ ಕಳೆಯಬೇಕು. ಊರಿನ ಪಂಚಾಂಗ ಊರಿನ ಬಿಸಿಲಿಗೆ ಸರಿಯಾಗಿದೆ. ಇಲ್ಲಿನ ಬಿತ್ತನೆಗೆ ಇಲ್ಲಿನ ಹಗಲನ್ನೇ ಅಳೆಯಬೇಕು.

ಕಿಟಕಿಯ ಬಳಿ ಇಟ್ಟರೆ ಸಾಕು ಎಂಬುದು ನಾನು ಅತಿ ಹೆಚ್ಚು ಕೇಳುವ ತಪ್ಪು ತಿಳಿವಳಿಕೆ. ನಮ್ಮ ಕಣ್ಣು ಮಬ್ಬಿಗೂ ಹೊಂದಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ಇದೆ ಎನಿಸುತ್ತದೆ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ; ಬಯಲಿನ ಪೂರ್ಣ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇದ್ದರೆ, ಮೋಡ ಕವಿದ ಜನವರಿಯ ದಿನ ಕಿಟಕಿಯಿಂದ ನಾಲ್ಕು ಅಡಿ ಒಳಗೆ ಕೆಲವು ನೂರು ಲಕ್ಸ್ ಮಾತ್ರ ಉಳಿದಿರುತ್ತದೆ. ಬೆಳಕು ಸಾಲದ ಸಸಿ ಇದ್ದ ಶಕ್ತಿಯನ್ನೆಲ್ಲ ಕಾಂಡ ಉದ್ದ ಮಾಡಲು ಖರ್ಚು ಮಾಡುತ್ತದೆ. ನಿಮ್ಮ ಮೆಂತ್ಯ ದಾರದಂತಾದದ್ದು ಹೀಗೆ. ಬುಡದಲ್ಲೇ ಮಗುಚಿದ್ದಕ್ಕೆ ಇನ್ನೊಂದು ಕಾರಣವೂ ಇದ್ದೀತು. ಬಿದ್ದ ಒಂದು ಸಸಿಯನ್ನು ಬೆರಳಲ್ಲಿ ಎತ್ತಿ ನೋಡಿ: ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಕಂದಾಗಿ, ಹಿಸುಕಿದ ದಾರದಂತೆ ತೆಳ್ಳಗಾಗಿದ್ದರೆ ಅದು ಸಸಿ ಕೊಳೆ ರೋಗ, ಶಿಲೀಂಧ್ರದ ಕೆಲಸ. ಅಂಗಳದ ಮಣ್ಣು ಬಳಸುವುದು, ತಟ್ಟೆಗೆ ತಳದಲ್ಲಿ ತೂತಿಲ್ಲದಿರುವುದು, ತಣ್ಣನೆಯ ಕಿಟಕಿಕಟ್ಟೆಯ ಮೇಲೆ ದಿನವೂ ಮೇಲಿನಿಂದ ನೀರು ಚಿಮುಕಿಸುವುದು, ಈ ಮೂರೂ ಸೇರಿದರೆ ಅದು ಬಂದೇ ಬರುತ್ತದೆ. ಊರಿನಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರುತ್ತದೆ, ಇಲ್ಲಿ ನಾಲ್ಕು ದಿನವಾದರೂ ಆರುವುದಿಲ್ಲ. ಹಾಗಾಗಿ ಇದು ಅತ್ತೆಯವರ ಕೈಗುಣದ ತಪ್ಪಲ್ಲ ಎಂದು ದಯವಿಟ್ಟು ಅವರಿಗೆ ಹೇಳಿ. ಐವತ್ತು ವರ್ಷ ಬೆಳೆ ತೆಗೆದವರು ಒಂದು ತಟ್ಟೆ ಮೆಂತ್ಯ ಸತ್ತಿತೆಂದು ಎಷ್ಟು ನೊಂದುಕೊಳ್ಳುತ್ತಾರೆಂದು ನಾನು ನನ್ನ ತಂದೆಯಲ್ಲೇ ಕಂಡಿದ್ದೇನೆ.

ಪರಿಹಾರ ದುಬಾರಿಯಲ್ಲ. ಗ್ಯಾರೇಜಿಗೆ ಹಾಕುವ ನಾಲ್ಕಡಿ ಉದ್ದದ ಎಲ್‌ಇಡಿ ದೀಪ, 5000 ಅಥವಾ 6500 ಕೆಲ್ವಿನ್ ಎಂದು ಬರೆದಿರುವ ಬಿಳಿ ಬೆಳಕಿನದು, ಸಾಕು. ನೇರಳೆ ಬಣ್ಣದ ದೀಪವೇ ಬೇಕೆಂದಿಲ್ಲ. ಅದನ್ನು ಸರಪಳಿಯಲ್ಲಿ ತೂಗುಬಿಟ್ಟು, ಸಸಿಯ ತುದಿಯಿಂದ ಅರ್ಧ ಅಡಿಯಷ್ಟು ಮೇಲಿರಿಸಿ, ಸಸಿ ಬೆಳೆದಂತೆ ಏರಿಸುತ್ತ ಹೋಗಿ. ದಿನಕ್ಕೆ 14ರಿಂದ 16 ಗಂಟೆ ಉರಿಯುವಂತೆ ಟೈಮರ್ ಹಾಕಿ. 40 ವ್ಯಾಟಿನ ದೀಪ ದಿನಕ್ಕೆ 16 ಗಂಟೆ ಉರಿದರೂ ತಿಂಗಳಿಗೆ 20 ಯೂನಿಟ್ ಒಳಗೇ ಆಗುತ್ತದೆ. ಮಣ್ಣಿನ ಬದಲು ಬೀಜ ಮೊಳೆಸುವ ಮಿಶ್ರಣ ಅಥವಾ ತೆಂಗಿನ ನಾರಿನ ಪುಡಿಯ ಇಟ್ಟಿಗೆ ತನ್ನಿ. ಆ ಇಟ್ಟಿಗೆಯನ್ನು ಬಕೆಟ್ಟಿಗೆ ಹಾಕಿ ಬಿಸಿನೀರು ಸುರಿಯುವ ಕೆಲಸವನ್ನು ಮಾತ್ರ ಅತ್ತೆಯವರಿಗೇ ಬಿಡಿ: ಅಂಗೈಯಗಲದ ಕಂದು ತುಂಡು ಕಣ್ಣೆದುರೇ ಉಬ್ಬಿ ಬಕೆಟ್ ತುಂಬುತ್ತದೆ, ಅಡುಗೆಮನೆಯಲ್ಲಿ ನೆನೆದ ತೆಂಗಿನ ಸಿಪ್ಪೆಯ ವಾಸನೆ ಹರಡುತ್ತದೆ, ತಿಪಟೂರಿನವರಿಗೆ ಆ ವಾಸನೆ ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ನೀರನ್ನು ತಟ್ಟೆಯ ಕೆಳಗಿನಿಂದ ಕೊಡಿ. ಅರ್ಧ ಗಂಟೆಯ ಬಳಿಕ ಉಳಿದದ್ದನ್ನು ಚೆಲ್ಲಿಬಿಡಿ.

ಈ ದೀಪದಡಿ ಈಗಲೇ ಬೆಳೆಯಬೇಕಾದದ್ದು ಟೊಮೇಟೊ ಅಲ್ಲ, ಅತ್ತೆಯವರು ಹೊರಡುವುದರೊಳಗೆ ನಾಲ್ಕೈದು ಸಲ ಕೊಯ್ದು ಸಾರಿಗೆ ಹಾಕಬಹುದಾದ ಸೊಪ್ಪು. ಡಬ್ಬಿಯಲ್ಲಿರುವ ಮೆಂತ್ಯವನ್ನೇ ಒಂದು ರಾತ್ರಿ ನೆನೆಸಿ ಹಾಕಿದರೆ ಎರಡು ವಾರಕ್ಕೆ ಎಳೆಸೊಪ್ಪು, ನಾಲ್ಕು ವಾರಕ್ಕೆ ಪಲ್ಯಕ್ಕಾಗುವಷ್ಟು ಸೊಪ್ಪು ಸಿಗುತ್ತದೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಹಾಕಬೇಕೆಂದು ಅವರಿಗೆ ಗೊತ್ತೇ ಇರುತ್ತದೆ. ಬೆಳ್ಳುಳ್ಳಿ ಎಸಳು ಊರಿದರೆ ಮೂರು ವಾರಕ್ಕೆ ಹಸಿರು ಗರಿ ಬರುತ್ತದೆ. ಪುದೀನದ ಕಡ್ಡಿ ಲೋಟದ ನೀರಿನಲ್ಲೇ ಬೇರು ಬಿಡುತ್ತದೆ. ಪರಿಚಯದವರ ಮನೆಯಲ್ಲಿ ದೊಡ್ಡಪತ್ರೆ ಇದ್ದರೆ ಒಂದು ಕಡ್ಡಿ ಕೇಳಿ ತನ್ನಿ, ಒಣಹವೆಯನ್ನು ಅದರಷ್ಟು ತಾಳಿಕೊಳ್ಳುವ ನಮ್ಮ ಅಡುಗೆಯ ಗಿಡ ಇನ್ನೊಂದಿಲ್ಲ. ವಾರಕ್ಕೊಂದು ತಟ್ಟೆಯಂತೆ ಬಿತ್ತುತ್ತ ಹೋದರೆ ಮನೆಯಲ್ಲಿ ಯಾವಾಗಲೂ ಒಂದು ತಟ್ಟೆ ಮೊಳೆಯುತ್ತಿರುತ್ತದೆ, ಒಂದು ಕೊಯ್ಲಿಗೆ ಬಂದಿರುತ್ತದೆ. ಹಿರಿಯರಿಗೆ ಹೊತ್ತು ಹೋಗಲೆಂದು ಕೊಡುವ ಕೆಲಸಕ್ಕೂ, ಅವರು ಮಾಡದಿದ್ದರೆ ಮನೆಯಲ್ಲಿ ಆಗದೇ ಉಳಿಯುವ ಕೆಲಸಕ್ಕೂ ಬಹಳ ವ್ಯತ್ಯಾಸವಿದೆ, ಇದು ಎರಡನೆಯದಾಗಬೇಕು.

ಇಲ್ಲಿ ಒಂದು ಎಚ್ಚರಿಕೆ. ಗಿಡದ ದೀಪದ ಮುಂದೆ ಕುಳಿತರೆ ಮನಸ್ಸಿನ ಮಂಕು ಹೋಗುತ್ತದೆ, ವಿಟಮಿನ್ ಡಿ ಸಿಗುತ್ತದೆ ಎಂದು ಕೆಲವರು ಹೇಳುತ್ತಾರೆ. ಎರಡೂ ಸರಿಯಲ್ಲ. ಚಳಿಗಾಲದ ಖಿನ್ನತೆ ನಿಜವಾದ ತೊಂದರೆ. ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು 1984ರಲ್ಲೇ ಅದನ್ನು ವೈದ್ಯಕೀಯವಾಗಿ ವಿವರಿಸಿದ್ದಾರೆ. ಅದಕ್ಕೆ ಬಳಸುವುದು 10,000 ಲಕ್ಸ್‌ನ, ಅತಿನೇರಳೆ ಕಿರಣ ಸೋಸಿದ ಬೇರೆಯೇ ದೀಪ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿನಲ್ಲಿ 20ರಿಂದ 30 ನಿಮಿಷ ಅದರ ಮುಂದೆ ಕೂರಬೇಕು. ಕಣ್ಣಿನ ಕಾಯಿಲೆ ಇರುವವರು, ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಸಿಯುವ ಬೈಪೋಲಾರ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು. ಇನ್ನು ವಿಟಮಿನ್ ಡಿ ವಿಚಾರಕ್ಕೆ ಬಂದರೆ, ಇಷ್ಟು ಉತ್ತರದಲ್ಲಿ ನಡುಚಳಿಗಾಲದ ಬಿಸಿಲು ಚರ್ಮದಲ್ಲಿ ಅದನ್ನು ಹೆಚ್ಚುಕಡಿಮೆ ಉಂಟುಮಾಡುವುದೇ ಇಲ್ಲ, ನಮ್ಮ ಮೈಬಣ್ಣದವರಿಗಂತೂ ಇನ್ನೂ ಕಷ್ಟ. ಮಾತ್ರೆ ಎಷ್ಟು ಬೇಕೆಂದು ಊರಿನ ವೈದ್ಯರನ್ನೇ ಫೋನಿನಲ್ಲಿ ಕೇಳಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಮಾತು ಮೂರೂ ಕೆಟ್ಟಿದ್ದರೆ ತೋಟದ ಉಪಾಯ ನಂಬಿ ಕಾಯಬೇಡಿ, ವೈದ್ಯರಿಗೆ ತೋರಿಸಿ. ಹಾಗೆಯೇ, ಸೇಂಟ್ ಪಾಲ್‌ನ ಕೋಮೋ ಪಾರ್ಕಿನಲ್ಲಿ 1915ರಲ್ಲಿ ತೆರೆದ ಗಾಜಿನ ಸಸ್ಯಮಂದಿರವಿದೆ. ಪ್ರವೇಶಕ್ಕೆ ಕಡ್ಡಾಯ ಶುಲ್ಕವಿಲ್ಲ, ಇಷ್ಟವಿದ್ದಷ್ಟು ಕಾಣಿಕೆ ಹಾಕಬಹುದು. ಹೊರಗೆ ಹಿಮ ಬೀಳುತ್ತಿರುವಾಗ ಅತ್ತೆ, ಮಾವನನ್ನು ಅಲ್ಲಿನ ತಾಳೆಮರಗಳ ಅಂಕಣಕ್ಕೆ ಕರೆದುಕೊಂಡು ಹೋಗಿ ಒಂದು ಗಂಟೆ ಕೂರಿಸಿ. ಬೆಚ್ಚಗಿನ, ತೇವದ ಗಾಳಿ ಮುಖಕ್ಕೆ ತಾಗಿದಾಗ ಹಿರಿಯರ ಮುಖ ಹೇಗೆ ಸಡಿಲವಾಗುತ್ತದೆ ಎಂದು ನಾನು ಹಲವು ಸಲ ನೋಡಿದ್ದೇನೆ.

ಕರಿಬೇವಿನ ವಿಷಯ. ಚಳಿಗಾಲದಲ್ಲಿ ಅದು ಎಲೆ ಉದುರಿಸುವುದು ಸಾವಿನ ಲಕ್ಷಣವಾಗಬೇಕಿಲ್ಲ. ಬೆಳಕು ಕಡಿಮೆಯಾಗಿ ಬೇರು ತಣ್ಣಗಾದಾಗ ಗಿಡ ವಿಶ್ರಾಂತಿಗೆ ಜಾರುತ್ತದೆ. ಉಗುರಿನಲ್ಲಿ ಕಾಂಡವನ್ನು ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಹುಳಿಮಜ್ಜಿಗೆಯನ್ನು ಮಾತ್ರ ಇಂದೇ ನಿಲ್ಲಿಸಿ. ಊರಿನ ನೆಲದಲ್ಲಿ ಅದನ್ನು ಅರಗಿಸುವ ಜೀವಾಣುಗಳು, ಹೀರುವ ಬೇರುಗಳು ಎಲ್ಲವೂ ಚುರುಕಾಗಿರುತ್ತವೆ. ಇಲ್ಲಿ ಮಲಗಿರುವ ಗಿಡದ ಕುಂಡದಲ್ಲಿ ಅದು ಹಳಸಿ, ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳನ್ನು ತರುತ್ತದೆ. ನಿಮಗಿರುವುದು ಎರಡು ದಾರಿ. ದೀಪದಡಿ, 20 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಬೆಚ್ಚಗಿನ ಜಾಗದಲ್ಲಿಟ್ಟು ಬೆಳೆಸಬಹುದು; ಆದರೆ ಹೀಟರಿನ ಒಣಗಾಳಿಯಲ್ಲಿ ಜೇಡನುಸಿ ಹತ್ತುವ ಅಪಾಯವಿದೆ. ಎಲೆಯ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆಯನ್ನು ತಟ್ಟಿ, ಸೂಜಿಮೊನೆಯಷ್ಟು ಚುಕ್ಕೆಗಳು ಉದುರಿ ಸರಿದಾಡಿದರೆ ನುಸಿ ಬಂದಿದೆ. ಬಚ್ಚಲಿನಲ್ಲಿ ಷವರ್ ಹಿಡಿದು ಎಲೆಯ ಕೆಳಭಾಗವನ್ನು ವಾರಕ್ಕೊಮ್ಮೆ ತೊಳೆಯಿರಿ. ಇಲ್ಲವೇ 13ರಿಂದ 15 ಡಿಗ್ರಿಯ ತಂಪು ಕೋಣೆಯಲ್ಲಿ, ಎರಡಂಗುಲ ಆಳದವರೆಗೆ ಮಣ್ಣು ಒಣಗಿದ ಮೇಲಷ್ಟೇ ನೀರು ಕೊಡುತ್ತ ಮಲಗಲು ಬಿಡಬಹುದು; ಇಲ್ಲಿ ಅಪಾಯ ಅತಿನೀರು, ಬೇರು ಕೊಳೆತರೆ ಮಾರ್ಚ್‌ನಲ್ಲಿ ಅದು ಏಳುವುದಿಲ್ಲ. ಹಳೆಯ, ಬುಡ ದಪ್ಪಗಿರುವ ಗಿಡವಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಇನ್ನು ಅವರೆ. ಇದರಲ್ಲಿ ಅತ್ತೆಯವರ ಅನುಭವವೂ ವಿಜ್ಞಾನವೂ ಒಂದೇ ಮಾತು ಹೇಳುತ್ತವೆ. ಊರಿನ ಹಳೆಯ ಸೊಗಡಿನ ಅವರೆ ಮಳೆಗಾಲದಲ್ಲಿ ಬಿತ್ತಿದರೂ ಹಗಲು ಕುಗ್ಗುವ ತನಕ ಹೂ ಬಿಡದು. ಅದಕ್ಕೇ ಅದು ಡಿಸೆಂಬರ್, ಜನವರಿಯ ಬೆಳೆ. ಇಲ್ಲಿ ಜೂನ್‌ನ ಹಗಲು ಹದಿನೈದೂವರೆ ಗಂಟೆ. ಆ ಬಳ್ಳಿ ಬೇಸಿಗೆಯುದ್ದಕ್ಕೂ ಬೇಲಿ ತುಂಬ ಸೊಗಸಾಗಿ ಹಬ್ಬಿ, ಸೆಪ್ಟೆಂಬರ್‌ನಲ್ಲಿ ಮೊಗ್ಗು ತೋರಿಸಿ, ಕಾಯಿ ಬಲಿಯುವ ಮೊದಲೇ ಅಕ್ಟೋಬರ್‌ನ ಹಿಮಕ್ಕೆ ಕರಗುತ್ತದೆ. ಗೊಬ್ಬರ ಸಾಲಲಿಲ್ಲವೇನೋ ಎಂದುಕೊಂಡು ಮರುವರ್ಷ ಇನ್ನಷ್ಟು ಗೊಬ್ಬರ ಹಾಕಿದವರನ್ನು ನಾನು ಬಲ್ಲೆ. ತೊಂದರೆ ಗೊಬ್ಬರದ್ದಲ್ಲ, ತಳಿಯದ್ದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ಗಿಡ್ಡ ತಳಿಗಳನ್ನು ಕೊಟ್ಟಿದ್ದಾರೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಇದೇ ಬಗೆಯವು. ಮೇ ಕೊನೆಯಲ್ಲಿ ಬಿತ್ತಿದರೆ ಇಲ್ಲಿನ ಬೇಸಿಗೆಯೊಳಗೇ ಕಾಯಿ ಬಿಡಿಸಬಹುದು. ಸೊಗಡು ಊರಿನ ಅವರೆಯಷ್ಟು ಇರುವುದಿಲ್ಲ ಎಂದು ಅತ್ತೆ ಹೇಳಿದರೆ ಒಪ್ಪಿಕೊಳ್ಳಿ, ಅದು ನಿಜ.

ಮೈದುನನ ಕೈಯಲ್ಲಿ ತರಿಸುವ ವಿಚಾರದಲ್ಲಿ ಖಚಿತವಾಗಿ ಹೇಳಬೇಕು. ಕರಿಬೇವಿನ ಸಸಿಯಾಗಲಿ, ಹಸಿ ಎಲೆಯಾಗಲಿ ತರಿಸಲೇಬೇಡಿ. ಕರಿಬೇವು ನಿಂಬೆಯ ಕುಟುಂಬದ ಗಿಡ, ಕಿತ್ತಳೆ ತೋಟಗಳನ್ನು ನಾಶಮಾಡುವ ಗ್ರೀನಿಂಗ್ ರೋಗವನ್ನು ಹರಡುವ ಸಿಲ್ಲಿಡ್ ಕೀಟ ಅದರ ಮೇಲೆ ಬದುಕುತ್ತದೆ. ಫ್ಲಾರಿಡಾದ ಕಿತ್ತಳೆ ಬೆಳೆಗಾರರು ಆ ರೋಗದಿಂದ ಪಟ್ಟ ಪಾಡನ್ನು ಕಂಡವರು ಈ ನಿಷೇಧವನ್ನು ಹಗುರವಾಗಿ ನೋಡಲಾರರು. ಅವರೆ ಬೀಜಕ್ಕೆ ಭಾರತದ ಅಧಿಕಾರಿಗಳು ಕೊಡುವ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಥವಾ ಅಮೆರಿಕದ ಕೃಷಿ ಇಲಾಖೆಯಿಂದ ಸಣ್ಣ ಪ್ರಮಾಣದ ಬೀಜದ ಪರವಾನಗಿಯನ್ನು ನೀವೇ ಮುಂಚಿತವಾಗಿ ಪಡೆಯಬಹುದು. ಅದರಡಿ ಒಂದು ಪೊಟ್ಟಣದಲ್ಲಿ ಒಂದು ಜಾತಿಯ 50 ಬೀಜ ಅಥವಾ 10 ಗ್ರಾಂ ಮಾತ್ರ ಇರಬೇಕು, ಪೊಟ್ಟಣದ ಮೇಲೆ ಸಸ್ಯಶಾಸ್ತ್ರೀಯ ಹೆಸರಿರಬೇಕು, ಜೊತೆಗೆ ಬೇರೆ ನಿಯಮಗಳೂ ಇವೆ. ಪರವಾನಗಿಗೆ ಸಮಯ ಹಿಡಿಯುವುದರಿಂದ ಮಾರ್ಚ್‌ಗೆ ಬೇಕಿದ್ದರೆ ಈಗಲೇ ಅರ್ಜಿ ಹಾಕಿ. ಬಟ್ಟೆಯ ನಡುವೆ ಕಟ್ಟಿ ತಂದರಾಯಿತು ಎಂದು ಯಾರಾದರೂ ಹೇಳಿದರೆ ಕೇಳಬೇಡಿ; ಘೋಷಿಸದೆ ತಂದ ಬೀಜ ಸಿಕ್ಕರೆ ಬೀಜವೂ ಹೋಗುತ್ತದೆ, ದಂಡವೂ ಬೀಳುತ್ತದೆ.

ಈಗ ಮೇ ತಿಂಗಳ ತೋಟ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಆಸೆ ತಡೆಯಲಾರದೆ ಜನವರಿಯಲ್ಲೇ ಮೂರು ತಟ್ಟೆ ಟೊಮೇಟೊ ಬಿತ್ತಿದೆ. ಏಪ್ರಿಲ್ ಹೊತ್ತಿಗೆ ಅವು ಕುಂಡದಲ್ಲಿ ಬೇರು ಸುತ್ತಿಕೊಂಡು, ಹೂ ಬಿಟ್ಟು, ಕೆಳಗಿನ ಎಲೆ ಹಳದಿಯಾಗಿ ನಿಂತಿದ್ದವು. ಹೊರಗೆ ಇನ್ನೂ ಹಿಮವಿತ್ತು. ಒಂದೂ ಉಳಿಯಲಿಲ್ಲ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಹಾಕಿ. ಇಲ್ಲಿ ಮೇ ಮಧ್ಯದವರೆಗೂ ಹಿಮ ಕಟ್ಟುವ ರಾತ್ರಿಗಳ ಭಯವಿರುತ್ತದೆ, ನಮ್ಮ ಉಷ್ಣವಲಯದ ತರಕಾರಿಗೆ ನೆಲ ಬೆಚ್ಚಗಾಗುವುದು ಮೇ ಕೊನೆಯ ಮೆಮೋರಿಯಲ್ ಡೇ ಸುಮಾರಿಗೆ. ಅಲ್ಲಿಂದ ಎಣಿಸಿದರೆ ಮೆಣಸಿನಕಾಯಿ, ಬದನೆಯನ್ನು ಮಾರ್ಚ್ ಮೊದಲರ್ಧದಲ್ಲಿ, ಟೊಮೇಟೊವನ್ನು ಏಪ್ರಿಲ್ ಆರಂಭದಲ್ಲಿ, ಹೀರೆ, ಹಾಗಲ, ಸೋರೆಯನ್ನು ಏಪ್ರಿಲ್ 20ರ ಬಳಿಕ ಬಿತ್ತಬೇಕು. ಬೆಂಡೆ, ಹರಿವೆ, ಅವರೆ ನೇರವಾಗಿ ನೆಲಕ್ಕೆ. ಮೆಣಸಿನ ಬೀಜಕ್ಕೆ ಬುಡದಲ್ಲಿ 27, 28 ಡಿಗ್ರಿ ಶಾಖ ಬೇಕು, ಸಸಿಗಳಿಗೆಂದೇ ಮಾರುವ ಬಿಸಿಹಾಸು ಇದಕ್ಕೆ ಒಳ್ಳೆಯದು. ಮೊಳೆತ ಕೂಡಲೇ ಹಾಸು ತೆಗೆಯಿರಿ. ಹಾಗಲದ ಬೀಜದ ತುದಿಯನ್ನು ಉಗುರುಕತ್ತರಿಯಲ್ಲಿ ತುಸು ಕತ್ತರಿಸಿ ನೆನೆಸುವುದನ್ನು ಮರೆಯಬೇಡಿ.

ಗಮನಿಸಿ, ಈ ಲೆಕ್ಕದಲ್ಲಿ ಸಸಿಮಡಿಯ ಕೆಲಸವೆಲ್ಲ ಅತ್ತೆಯವರು ಇಲ್ಲಿರುವಾಗಲೇ ಬೀಳುತ್ತದೆ. ಹೊರಡುವ ಮೂರು ದಿನ ಮುಂಚೆ ಹೀರೆ ಬೀಜ ಊರಿ ಹೋಗಬಹುದು. ಅವರು ಹೋದ ಮೇಲೆ ನಿಮ್ಮ ಪಾಲಿಗೆ ಬರುವುದು ನಾಟಿ. ಅದಕ್ಕೆ ಮೊದಲು ವಾರ, ಹತ್ತು ದಿನ ಸಸಿಗಳನ್ನು ದಿನಕ್ಕೊಂದೆರಡು ಗಂಟೆಯಂತೆ ಹೆಚ್ಚಿಸುತ್ತ ಹೊರಗಿಟ್ಟು ಗಾಳಿ, ಬಿಸಿಲಿಗೆ ಒಗ್ಗಿಸಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಹೆಚ್ಚಿನ ಸಸಿಗಳು ಸಾಯುವುದು ಈ ಹತ್ತು ದಿನದಲ್ಲೇ, ಹಾಗಾಗಿ ಸಸಿಗಳ ಸಂಖ್ಯೆಯನ್ನು ನಿಮ್ಮ ಬಿಡುವಿಗೆ ತಕ್ಕಂತೆ ಇಡಿ. ಹನ್ನೆರಡು ಸಾಕು, ಅರವತ್ತು ಬೇಡ. ಅಷ್ಟೂ ಆಗದಿದ್ದರೆ ಸಸಿಯನ್ನು ಕೊಳ್ಳುವುದರಲ್ಲಿ ಸೋಲೇನೂ ಇಲ್ಲ. ಸೇಂಟ್ ಪಾಲ್ ಸುತ್ತಲಿನ, ಆಗ್ನೇಯ ಏಷ್ಯಾ ಮೂಲದ ಹ್ಮಾಂಗ್ ಸಮುದಾಯದ ರೈತರು ಹಾಗಲ, ಉದ್ದ ಅಲಸಂದೆ, ಖಾರದ ಮೆಣಸಿನಕಾಯಿಯನ್ನು ಈ ನೆಲದಲ್ಲಿ ವರ್ಷಗಳಿಂದ ಬೆಳೆಯುತ್ತಿದ್ದಾರೆ. ಸಂತೆಯಲ್ಲಿ ಅವರನ್ನು ಮಾತನಾಡಿಸಿದರೆ ನನ್ನಿಂದ ಕಲಿಯುವುದಕ್ಕಿಂತ ಹೆಚ್ಚು ಕಲಿಯುತ್ತೀರಿ.

ಮಡಿಯ ಜಾಗವನ್ನು ಈಗಿನ ಬಿಸಿಲು ನೋಡಿ ಗೊತ್ತುಮಾಡಬೇಡಿ. ಜನವರಿಯಲ್ಲಿ ಮರಗಳಿಗೆ ಎಲೆಯಿಲ್ಲ, ಸೂರ್ಯ ಬೇಲಿಯ ಮಟ್ಟದಲ್ಲಿದ್ದಾನೆ. ಜೂನ್‌ನಲ್ಲಿ ಅವನು 68 ಡಿಗ್ರಿಗೆ ಏರುತ್ತಾನೆ, ನೆರಳುಗಳೆಲ್ಲ ಬೇರೆಯಾಗುತ್ತವೆ. ಅದರ ಬದಲು ಮಾರ್ಚ್‌ನಲ್ಲಿ ಹಿಮ ಎಲ್ಲಿ ಮೊದಲು ಕರಗಿತು, ಎಲ್ಲಿ ನೀರು ನಿಂತಿತು ಎಂದು ಮಕ್ಕಳಿಂದ ಗುರುತು ಹಾಕಿಸಿ. ಮೊದಲು ಕರಗಿದ ದಕ್ಷಿಣದ ಗೋಡೆಯ ಬದಿ ಹೀರೆ, ಹಾಗಲಕ್ಕೆ. ರಸ್ತೆಯ ಉಪ್ಪು ಬೆರೆತ ಹಿಮವನ್ನು ಗುಡ್ಡೆ ಹಾಕುವ ಜಾಗ ಯಾವುದಕ್ಕೂ ಬೇಡ.

ಈ ವಾರ ಮಾಡಬಹುದಾದ ಒಂದು ಕೆಲಸವಿದೆ, ಅದನ್ನು ಮಾವನವರಿಗೂ ಮಕ್ಕಳಿಗೂ ಕೊಡಿ. ಮನೆಯಲ್ಲಿ ಉಳಿದಿರುವ ಹಳೆಯ ಬೀಜದ ಪೊಟ್ಟಣಗಳಿಂದ ಹತ್ತು ಹತ್ತು ಬೀಜ ಎಣಿಸಿ, ಒದ್ದೆ ಕಾಗದದ ಟವೆಲಿನಲ್ಲಿ ಸಾಲಾಗಿಟ್ಟು ಮಡಚಿ, ಹೆಸರು, ತಾರೀಖು ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗಿನ ಜಾಗದಲ್ಲಿಡಿ. ಟೊಮೇಟೊ, ಬೆಂಡೆಯನ್ನು ಏಳೆಂಟು ದಿನಕ್ಕೆ, ಮೆಣಸಿನಕಾಯಿ, ಬದನೆಯನ್ನು ಎರಡು ವಾರಕ್ಕೆ ಬಿಚ್ಚಿ ಎಣಿಸಿ. ಹತ್ತರಲ್ಲಿ ಎಂಟು ಮೊಳೆತರೆ ಆ ಪೊಟ್ಟಣ ಇರಲಿ. ಐದಾರು ಮೊಳೆತರೆ ದುಪ್ಪಟ್ಟು ದಟ್ಟವಾಗಿ ಬಿತ್ತಬೇಕು. ಅದಕ್ಕಿಂತ ಕಡಿಮೆಯಾದರೆ ಹೊಸ ಬೀಜವನ್ನು ಫೆಬ್ರವರಿ ಮುಗಿಯುವುದರೊಳಗೆ ತರಿಸಿಕೊಳ್ಳಿ, ನಮ್ಮ ಕಡೆಯ ತರಕಾರಿ ಬೀಜಗಳು ಇಲ್ಲಿನ ಅಂಗಡಿಗಳಲ್ಲಿ ಮೊದಲು ಖಾಲಿಯಾಗುತ್ತವೆ.